ಇಬ್ಬರೂ ಸ್ವಿಚ್ ಹಾಕಿದ್ದೆವು

ಎರಡು ವರ್ಷದ ಹಿಂದಿನ ಫೆಬ್ರುವರಿ. ಅಬ್ಬಿಗೇರಿಯ ನಮ್ಮ ಹೊಲದಲ್ಲಿ ಕಡಲೆ ರಾಶಿ ಮುಗಿದಿತ್ತು. ಹೊತ್ತು ಮುಳುಗುವ ವೇಳೆಗೆ, ಹೊಟ್ಟು ತುಂಬಿ ನಿಂತಿದ್ದ ಟ್ರೇಲರಿನ ಹಿಂದಿನ ದೀಪವನ್ನು ಕಾಕಾ ಹಚ್ಚಿದರು. ಎರಡು ನಿಮಿಷ ಬಿಟ್ಟು ಅದೇ ದೀಪಕ್ಕೆ ನಾನೂ ಸ್ವಿಚ್ ಹಾಕಿದೆ. ಇಬ್ಬರೂ ಹಾಕಿದ್ದರಿಂದ ದೀಪ ಆರಿತು. ಊರು ಇನ್ನೂ ಒಂದು ಕಿಲೋಮೀಟರ್ ಇರುವಾಗ, ಹಿಂದಿನಿಂದ ಬಂದ ಬೈಕ್ ಸವಾರನೊಬ್ಬ ಕತ್ತಲಲ್ಲಿ ಟ್ರೇಲರಿಗೆ ಬಂದು ಗುದ್ದಿದ. ಅವನ ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು.

ನಾನು ಧಾರವಾಡದಲ್ಲಿದ್ದುಕೊಂಡು ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವನು. ಹೇಳಲು ಸಂಕೋಚವಾಗುತ್ತದೆ, ನನ್ನ ಸಂಶೋಧನೆಯ ವಿಷಯವೇ ನೈತಿಕ ಹೊಣೆ. ಯಾರನ್ನು ಯಾವಾಗ ಯಾವುದಕ್ಕೆ ಹೊಣೆ ಮಾಡಬಹುದು ಎಂಬುದರ ಮೇಲೆ ಮೂರು ವರ್ಷ ಟಿಪ್ಪಣಿ ಮಾಡಿಕೊಂಡಿದ್ದೆ. ಆ ರಾತ್ರಿ ರಸ್ತೆಯ ಮೇಲೆ ಮಲಗಿದ್ದ ಆ ಮನುಷ್ಯನ ಪಕ್ಕ ಕೂತಾಗ ಅದರಲ್ಲಿ ಒಂದು ಸಾಲೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು: 'ನಾನು ಸ್ವಿಚ್ ಹಾಕಿದ್ದೆ.' ಆ ಮಾತು ನಿಜವಾಗಿತ್ತು. ಅದೇ ಮಾತು ಯಾಕೆ ಸಾಲದಾಯಿತು ಎಂದು ಯೋಚಿಸುತ್ತ ಎರಡು ವರ್ಷವಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ದೀಪದ ವಿಷಯ. ಟ್ರ್ಯಾಕ್ಟರ್ ಅಪ್ಪ ಮತ್ತು ಕಾಕಾ ಇಬ್ಬರದು. ಟ್ರೇಲರಿನ ಹಿಂದೆ ಎರಡು ಕೆಂಪು ದೀಪ, ಅವುಗಳ ನಡುವೆ ಮಾಲು ತುಂಬುವಾಗ ಬೇಕಾಗುವ ಒಂದು ಸಣ್ಣ ಬಿಳಿ ದೀಪ. ಮೂರಕ್ಕೂ ಸೇರಿ ಒಂದೇ ಸ್ವಿಚ್, ಅದು ಇಂಜಿನ್ನಿನ ಡ್ಯಾಶ್‌ಬೋರ್ಡಿನಲ್ಲಿ. ಕತ್ತಲಾದ ಮೇಲೆ ಮಾಲು ತುಂಬುವಾಗ ಹಿಂದೆ ನಿಂತವರು 'ಲೈಟ್ ಹಾಕ್ರೋ' ಎಂದು ಕೂಗಬೇಕು, ಯಾರಾದರೂ ಮುಂದೆ ಓಡಿಹೋಗಿ ಹಾಕಬೇಕು. ಇದು ಬೇಸರವಾಗಿ ಹಿಂದೆಯೂ ಒಂದು ಸ್ವಿಚ್ ಬೇಕು ಅಂದೆವು. ಆಟೊ ಎಲೆಕ್ಟ್ರಿಷಿಯನ್ 'ಹೆಂಗ ಹಾಕ್ಲಿ?' ಎಂದು ಕೇಳಿದ. 'ಮನಿ ಪಾವಟಿಗಿಗೆ ಇರ್ತದಲ್ಲ, ಹಂಗ' ಎಂದು ನಾನೇ ಹೇಳಿದೆ. ಮೆಟ್ಟಿಲ ಕೆಳಗೆ ಹಾಕಿ ಮೇಲೆ ಹೋಗಿ ಆರಿಸುವ ವ್ಯವಸ್ಥೆ ಎಲ್ಲರೂ ಬಲ್ಲದ್ದೇ. ಅವನು ಹಾಗೇ ಹಾಕಿಕೊಟ್ಟ.

ಆ ವ್ಯವಸ್ಥೆಯ ಒಳಗುಟ್ಟು ಸರಳ. ಸಾದಾ ಸ್ವಿಚ್ಚಿಗೆ ಎರಡು ಮೊಳೆ, ಟೂ-ವೇ ಸ್ವಿಚ್ಚಿಗೆ ಮೂರು. ಬ್ಯಾಟರಿಯ 12 ವೋಲ್ಟ್ ಫ್ಯೂಸ್ ದಾಟಿ ಮೊದಲ ಸ್ವಿಚ್ಚಿನ ನಡುವಿನ ಮೊಳೆಗೆ ಬರುತ್ತದೆ. ಆ ಸ್ವಿಚ್ಚಿನ ಎರಡು ಪಕ್ಕದ ಮೊಳೆಗಳಿಂದ ಎರಡು ತಂತಿ ಹೊರಟು ಎರಡನೆಯ ಸ್ವಿಚ್ಚಿನ ಎರಡು ಪಕ್ಕದ ಮೊಳೆಗಳಿಗೆ ಸೇರುತ್ತವೆ. ಎರಡನೆಯದರ ನಡುವಿನ ಮೊಳೆಯಿಂದ ದೀಪಕ್ಕೆ ತಂತಿ. ಎರಡೂ ಸ್ವಿಚ್ಚು ಒಂದೇ ತಂತಿಯನ್ನು ಮುಟ್ಟಿದ್ದರೆ ದೀಪ ಹತ್ತುತ್ತದೆ. ಒಂದು ಈ ತಂತಿಯನ್ನು, ಇನ್ನೊಂದು ಆ ತಂತಿಯನ್ನು ಮುಟ್ಟಿದ್ದರೆ ಆರುತ್ತದೆ. ಎಂದರೆ ಇಲ್ಲಿ ಯಾವ ಸ್ವಿಚ್ಚಿಗೂ ಆನ್ ಎಂಬ ಜಾಗವೇ ಇಲ್ಲ, ಆಫ್ ಎಂಬ ಜಾಗವೂ ಇಲ್ಲ. ಮೇಲೆ, ಕೆಳಗೆ ಎಂಬ ಎರಡು ಜಾಗಗಳಿವೆ, ಅಷ್ಟೆ. ಆ ಜಾಗದ ಅರ್ಥವನ್ನು ಹೇಳುವುದು ಇನ್ನೊಂದು ತುದಿಯ ಸ್ವಿಚ್ಚು.

ಆ ಸಂಜೆ ಕಾಕಾ ಹೊಟ್ಟಿನ ಮೇಲೆ ಬಲೆ ಬಿಗಿದು, ಹಿಂದಿನ ಸ್ವಿಚ್ಚನ್ನು ಕೆಳಗೆ ಮಾಡಿ, ಕೆಂಪು ದೀಪ ಹತ್ತಿದ್ದನ್ನು ನೋಡಿ, ತಮ್ಮ ಬೈಕಿನಲ್ಲಿ ಇನ್ನೊಂದು ಹೊಲದ ದಾರಿ ಹಿಡಿದರು. ನಾನು ನೀರು ಕುಡಿದು ಬಂದು, ಇಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಅದರ ಪಕ್ಕದ ಸ್ವಿಚ್ಚನ್ನು ಮೇಲೆ ಮಾಡಿದೆ. ಮೇಲೆ ಎಂದರೆ ಆನ್ ಎಂಬುದು ಕೈಗೆ ಬಂದುಬಿಟ್ಟ ರೂಢಿ. ಹೊಟ್ಟಿನ ಗುಡ್ಡದ ಆಚೆ ಏನಾಯಿತೆಂದು ಸೀಟಿನಿಂದ ಕಾಣುವಂತಿರಲಿಲ್ಲ. ನರೇಗಲ್ಲಿನ ಕಡೆ ದಿಗಂತದ ತುಂಬ ಗಾಳಿಯಂತ್ರಗಳ ತಲೆಯ ಮೇಲಿನ ಕೆಂಪು ದೀಪಗಳು ಮಿನುಗುತ್ತಿದ್ದವು. ನನ್ನ ಬೆನ್ನ ಹಿಂದೆ ಒಂದೂ ಇರಲಿಲ್ಲ.

ಆಸ್ಪತ್ರೆ, ಠಾಣೆ, ವಿಮೆ ಇವೆಲ್ಲ ನಡೆಯಬೇಕಾದಂತೆ ನಡೆದವು. ಆ ಕಥೆ ಇಲ್ಲಿ ಬೇಡ. ಮನೆಯಲ್ಲಿ ನಡೆದದ್ದು ಬೇರೆ. 'ನಾ ಹಚ್ಚೇ ಹೋಗೀನಿ, ಹತ್ತಿದ್ದು ಕಣ್ಣಾರೆ ನೋಡೀನಿ' ಎಂದರು ಕಾಕಾ. 'ನಾನೂ ಸ್ವಿಚ್ ಹಾಕೀನಿ' ಎಂದೆ ನಾನು. ಇಬ್ಬರೂ ಹಾಕಿದ್ದರೆ ದೀಪ ಯಾಕಿರಲಿಲ್ಲ? ನಮ್ಮಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು. ಕಾಕಾನ ಲೆಕ್ಕದಲ್ಲಿ ಪುಸ್ತಕದ ಹುಡುಗ ಮರೆತಿದ್ದ, ಒಪ್ಪಿಕೊಳ್ಳಲು ಅಂಜುತ್ತಿದ್ದ. ನನ್ನ ಲೆಕ್ಕದಲ್ಲಿ ಕಾಕಾ ಮರೆತಿದ್ದರು, ನೋಡಿದೆನೆಂಬ ಮಾತನ್ನು ಆಮೇಲೆ ಸೇರಿಸಿಕೊಂಡಿದ್ದರು. ಇಬ್ಬರೂ ಒಂದೇ ಸಾಲಿನಲ್ಲಿ ಉಣ್ಣಲು ಕೂಡುವುದು ನಿಂತಿತು. ಅಪ್ಪನ ಬಾಯಲ್ಲಿ ಮೊದಲ ಸಲ 'ಪಾಲು' ಎಂಬ ಮಾತು ಬಂತು.

ಯುಗಾದಿ ದಾಟಿದ ಮೇಲೆ, ತಂತಿ ಎಲ್ಲಾದರೂ ತುಂಡಾಗಿರಬೇಕೆಂದು ಟ್ರ್ಯಾಕ್ಟರನ್ನು ಆ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದೆ. ಅವನು ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ಜೋಡಣೆ ನೋಡಿದ. ಎಲ್ಲ ಸರಿಯಿತ್ತು. ಯಾರು ಯಾವಾಗ ಏನು ಮಾಡಿದರೆಂದು ಕೇಳಿದ, ಹೇಳಿದೆ. ಬಲ್ಬಿನ ಡಬ್ಬಿಯ ರಟ್ಟು ಹರಿದು ಅದರ ಮೇಲೆ ನಾಲ್ಕು ಸಾಲು ಬರೆದ. ಎರಡೂ ಮೇಲೆ, ಬೆಳಕು. ಒಂದು ಮೇಲೆ ಒಂದು ಕೆಳಗೆ, ಕತ್ತಲೆ. ಒಂದು ಕೆಳಗೆ ಒಂದು ಮೇಲೆ, ಕತ್ತಲೆ. ಎರಡೂ ಕೆಳಗೆ, ಬೆಳಕು. ಆಮೇಲೆ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಹೇಳಿದ: 'ಇಬ್ರೂ ಖರೇ ಹೇಳೀರಿ. ಅದಕ್ಕ ಆರೇತಿ.'

ಆ ರಟ್ಟು ಇವತ್ತೂ ನನ್ನ ಹತ್ತಿರ ಇದೆ. ಎರಡು ತಿಂಗಳು ನಾವಿಬ್ಬರೂ ಒಬ್ಬರನ್ನೊಬ್ಬರು ಸುಳ್ಳರೆಂದು ತಿಳಿದದ್ದಕ್ಕೆ ಕಾರಣ, ಇಬ್ಬರು ಒಳ್ಳೆಯದನ್ನು ಮಾಡಿದರೆ ಒಳ್ಳೆಯದು ಹೆಚ್ಚಾಗಬೇಕು ಎಂದು ನಂಬಿದ್ದು. ಹೆಚ್ಚಾಗದಿದ್ದರೂ ಇದ್ದಷ್ಟಾದರೂ ಉಳಿಯಬೇಕು. ಒಳ್ಳೆಯದನ್ನು ನಾವು ಕೂಡಿಸುವ ಲೆಕ್ಕ ಎಂದುಕೊಂಡಿರುತ್ತೇವೆ. ಅದು ಒಂದನ್ನೊಂದು ಅಳಿಸುವ ಲೆಕ್ಕವೂ ಆಗಬಹುದು ಎಂಬುದು ಹೊಳೆಯುವುದಿಲ್ಲ.

ಹಲವರು ಸೇರಿದಲ್ಲಿ ಹೊಣೆ ಜಾರುವ ಬಗ್ಗೆ ಬಹಳ ಅಧ್ಯಯನಗಳಾಗಿವೆ. ಎಲ್ಲಕ್ಕಿಂತ ಪ್ರಸಿದ್ಧವಾದದ್ದು 1968ರಲ್ಲಿ ಅಮೆರಿಕದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಪ್ರಕಟಿಸಿದ ಪ್ರಯೋಗ. ಬೇರೆ ಬೇರೆ ಕೋಣೆಗಳಲ್ಲಿ ಕೂತು ಮೈಕಿನಲ್ಲಿ ಮಾತಾಡುತ್ತಿರುವವರಲ್ಲಿ ಒಬ್ಬನಿಗೆ ಮೂರ್ಛೆ ಬಂದಂತೆ ಕೇಳಿಸುತ್ತದೆ. ಕೇಳುತ್ತಿರುವವನು ತಾನೊಬ್ಬನೇ ಎಂದು ತಿಳಿದಾಗ 100ಕ್ಕೆ 85 ಮಂದಿ ಆ ದನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ತಿಳಿದಾಗ ಎದ್ದವರು 31 ಮಂದಿ. ಇನ್ನೊಬ್ಬ ಮಾಡುತ್ತಾನೆ ಎಂದು ಪ್ರತಿಯೊಬ್ಬನೂ ಸುಮ್ಮನಿರುವುದು ಒಂದು ಬಗೆಯ ಸೋಲು. ಅದಕ್ಕೆ ಮದ್ದು ನಮಗೆ ಗೊತ್ತಿದೆ. ಇನ್ನೊಬ್ಬರಿಗೆ ಕಾಯಬೇಡ, ನಿನ್ನ ಕೈಲಾದದ್ದನ್ನು ನೀನು ಮಾಡು ಎನ್ನುತ್ತೇವೆ.

ನಮ್ಮ ಹೊಲದಲ್ಲಿ ಆದದ್ದು ಇದರ ತಿರುವುಮುರುವು. ಯಾರೂ ಕಾಯಲಿಲ್ಲ, ಇಬ್ಬರೂ ಮಾಡಿದರು. ಇಂಥ ಸೋಲಿಗೆ 'ನಿನ್ನ ಕೈಲಾದದ್ದನ್ನು ಮಾಡು' ಎಂಬುದು ಮದ್ದಲ್ಲ, ರೋಗವೇ ಅದು. ಕಣ್ಣು ಹಾಯಿಸಿದರೆ ಇದು ಅಪರೂಪವೂ ಅಲ್ಲ. ಇಬ್ಬರು ಸೊಸೆಯಂದಿರು ಒಬ್ಬರಿಗೊಬ್ಬರು ಹೇಳದೆ ಸಾರಿಗೆ ಉಪ್ಪು ಹಾಕಿದ ಮನೆ ಎಲ್ಲರಿಗೂ ಗೊತ್ತು, ಅಲ್ಲಿ ನಕ್ಕು ಮುಗಿಸಬಹುದು. ಸಕ್ಕರೆ ಕಾಯಿಲೆಯ ಅಜ್ಜಿಗೆ ಮಗ ಒಮ್ಮೆ, ಅವನು ಕೊಟ್ಟದ್ದು ಗೊತ್ತಿಲ್ಲದೆ ಮೊಮ್ಮಗಳು ಒಮ್ಮೆ ಇನ್ಸುಲಿನ್ ಚುಚ್ಚಿದರೆ ನಗುವ ಹಾಗಿಲ್ಲ. ಅಪ್ಪ ಬೈದದ್ದು ಹೆಚ್ಚಾಯಿತೆಂದು ಅವ್ವ ಮುದ್ದು ಮಾಡುತ್ತಾಳೆ, ಅವ್ವನ ಮುದ್ದು ಹೆಚ್ಚಾಯಿತೆಂದು ಅಪ್ಪ ಇನ್ನಷ್ಟು ಬೈಯುತ್ತಾನೆ. ಇಬ್ಬರೂ ಮಗುವಿಗಾಗಿಯೇ ಮಾಡುತ್ತಾರೆ. ಮಗುವಿಗೆ ಸಿಗುವುದು ಇಬ್ಬರೂ ಬಯಸದ ಇನ್ನೇನೋ.

ಹಾಗಾದರೆ ನಾನು ಆ ಸಂಜೆ ಮಾಡಿದ್ದಾದರೂ ಏನು? ಇಲ್ಲಿ ಭಾಷೆ ಸ್ವಲ್ಪ ದಾರಿ ತೋರಿಸುತ್ತದೆ. ಕಾಕಾ 'ಹಚ್ಚೀನಿ' ಎಂದರು, ನಾನು 'ಸ್ವಿಚ್ ಹಾಕೀನಿ' ಎಂದೆ. ಎರಡನ್ನೂ ನಾವು ಒಂದೇ ಎಂಬಂತೆ ಬಳಸುತ್ತೇವೆ, ಆದರೆ ಒಂದೇ ಅಲ್ಲ. 'ದೀಪ ಹಚ್ಚಿದೆ' ಎನ್ನಬೇಕಾದರೆ ದೀಪ ಹತ್ತಿರಬೇಕು. ಬತ್ತಿಗೆ ಕಡ್ಡಿ ಹಿಡಿದು, ಅದು ಹೊತ್ತಿಕೊಳ್ಳುವ ಮುನ್ನ ಎದ್ದುಹೋದವಳನ್ನು ದೀಪ ಹಚ್ಚಿದಳು ಎನ್ನುವುದಿಲ್ಲ. 'ಸ್ವಿಚ್ ಹಾಕಿದೆ' ಎನ್ನಲು ಬೆರಳು ಆಡಿಸಿದರೆ ಸಾಕು. ಬ್ರಿಟಿಷ್ ತತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರ ತನ್ನ ಪುಸ್ತಕದಲ್ಲಿ ಕೆಲಸವನ್ನು ಹೇಳುವ ಕ್ರಿಯಾಪದಗಳನ್ನೂ ಸಾಧಿಸಿದ್ದನ್ನು ಹೇಳುವ ಕ್ರಿಯಾಪದಗಳನ್ನೂ ಬೇರ್ಪಡಿಸುತ್ತಾನೆ. ಕನ್ನಡದಲ್ಲಿ ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ನಮ್ಮಲ್ಲಿ ನೋಡುವುದು ಬೇರೆ, ಕಾಣುವುದು ಬೇರೆ. ಹುಡುಕುವುದು ಬೇರೆ, ಸಿಗುವುದು ಬೇರೆ. ನೋಡಿದೆ, ಕಾಣಲಿಲ್ಲ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ನನ್ನ ಕರ್ತವ್ಯ ಸ್ವಿಚ್ ಹಾಕುವುದಾಗಿತ್ತೇ, ದೀಪ ಹಚ್ಚುವುದಾಗಿತ್ತೇ? ಸೂರ್ಯಾಸ್ತದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಇರುವತನಕ ರಸ್ತೆಯ ಮೇಲಿನ ವಾಹನಕ್ಕೆ ದೀಪ ಉರಿಯುತ್ತಿರಬೇಕು ಎನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಸ್ವಿಚ್ಚಿನ ಮಾತು ಅಲ್ಲಿಲ್ಲ. ಹಿಂದೆ ಬರುವವನಿಗೆ ಬೇಕಾದದ್ದೂ ಬೆಳಕೇ ಹೊರತು ನನ್ನ ಬೆರಳಿನ ಪ್ರಾಮಾಣಿಕತೆಯಲ್ಲ. 'ನನ್ನ ಕರ್ತವ್ಯ ನಾನು ಮಾಡಿದೆ, ಫಲ ನನ್ನ ಕೈಯಲ್ಲಿಲ್ಲ' ಎಂಬ ಮಾತನ್ನು ನಾವು ಬಹಳ ಗೌರವದಿಂದ ಹೇಳುತ್ತೇವೆ. ಫಲದ ಆಸೆ ಬಿಡುವುದು ಒಂದು, ಫಲವಾಯಿತೋ ಇಲ್ಲವೋ ಎಂದು ನೋಡುವುದನ್ನೇ ಬಿಡುವುದು ಇನ್ನೊಂದು. ಮೊದಲನೆಯದು ವೈರಾಗ್ಯವಿರಬಹುದು. ಎರಡನೆಯದು ಸೋಮಾರಿತನ, ಅದು ವೈರಾಗ್ಯದ ಅಂಗಿ ತೊಟ್ಟು ಬರುತ್ತದೆ.

ಇದಕ್ಕೊಂದು ಆಕ್ಷೇಪವಿದೆ, ಅದು ನನ್ನದೇ ಆಕ್ಷೇಪವಾಗಿತ್ತು. ಇದು ನೀತಿಯ ಪ್ರಶ್ನೆಯೇ ಅಲ್ಲ, ವೈರಿಂಗಿನ ಪ್ರಶ್ನೆ, ಜೋಡಣೆ ಬೇರೆಯಾಗಿದ್ದರೆ ಏನೂ ಆಗುತ್ತಿರಲಿಲ್ಲ ಎಂದು. ನಿಜ. ಆದರೆ ಜೋಡಣೆಯೂ ಯಾರೋ ಆರಿಸಿಕೊಂಡದ್ದೇ. ಎರಡು ಸ್ವಿಚ್ಚುಗಳನ್ನು ಮುಖ್ಯವಾಗಿ ಮೂರು ಬಗೆಯಲ್ಲಿ ಜೋಡಿಸಬಹುದು, ಮೂರರಲ್ಲೂ ತಪ್ಪಿನ ಮುಖ ಬೇರೆ ಬೇರೆ.

ಒಂದರ ಹಿಂದೆ ಒಂದನ್ನು ಸಾಲಾಗಿ ಜೋಡಿಸಿದರೆ ಇಬ್ಬರೂ ಹಾಕಿದಾಗ ಮಾತ್ರ ದೀಪ. ಬ್ಯಾಂಕಿನ ಲಾಕರಿಗೆ ನಮ್ಮದೊಂದು ಕೀಲಿ, ಅವರದೊಂದು ಕೀಲಿ. ಪಂಚಾಯಿತಿಯ ಹಣ ತೆಗೆಯಲು ಅಧ್ಯಕ್ಷರದೂ ಪಿಡಿಒ ಅವರದೂ ಸಹಿ. ಕೆಟ್ಟದ್ದು ಸುಲಭವಾಗಿ ನಡೆಯಬಾರದು ಎಂಬಲ್ಲಿ ಇದು ಸರಿ. ಇದರ ದೋಷವೆಂದರೆ ಒಬ್ಬನ ಮರೆವಿಗೆ ಎಲ್ಲವೂ ನಿಲ್ಲುತ್ತದೆ.

ಎರಡನ್ನೂ ಅಕ್ಕಪಕ್ಕ, ಸಮಾಂತರವಾಗಿ ಜೋಡಿಸಿದರೆ ಒಬ್ಬರು ಹಾಕಿದರೂ ದೀಪ. ಗಂಡಹೆಂಡಿರ ಜಂಟಿ ಖಾತೆಯಲ್ಲಿ 'ಇಬ್ಬರಲ್ಲಿ ಯಾರಾದರೂ' ಎಂದು ಬರೆಸುತ್ತೇವಲ್ಲ, ಹಾಗೆ. ಬೈಕಿನ ಬ್ರೇಕ್ ದೀಪವೂ ಹೀಗೆಯೇ. ಕೈಬ್ರೇಕಿಗೊಂದು ಸ್ವಿಚ್, ಕಾಲಿನ ಬ್ರೇಕಿಗೊಂದು ಸ್ವಿಚ್, ಯಾವುದನ್ನು ಹಿಡಿದರೂ ಹಿಂದೆ ಕೆಂಪು ಹತ್ತುತ್ತದೆ, ಎರಡನ್ನೂ ಹಿಡಿದರೂ ಹತ್ತುತ್ತದೆ. ಅದನ್ನು ಮೆಟ್ಟಿಲಿನ ದೀಪದಂತೆ ಜೋಡಿಸಿದ್ದರೆ ಏನಾಗುತ್ತಿತ್ತು ಯೋಚಿಸಿ. ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವವನು, ಎಂದರೆ ನಿಜಕ್ಕೂ ಗಾಬರಿಯಲ್ಲಿರುವವನು, ಕತ್ತಲೆಯಲ್ಲಿ ನಿಲ್ಲುತ್ತಿದ್ದ. ಸಮಾಂತರದ ದೋಷ ಬೇರೆ. ಆರಿಸಲು ಇಬ್ಬರೂ ಬೇಕು. ಹಿಂದಿನ ಸ್ವಿಚ್ ಮರೆತರೆ ಬೆಳಗ್ಗೆ ಬ್ಯಾಟರಿ ಸತ್ತಿರುತ್ತದೆ.

ಮೂರನೆಯದು ನಮ್ಮದು, ಮೆಟ್ಟಿಲಿನದು. ಇಬ್ಬರಿಗೂ ಪೂರ್ತಿ ಅಧಿಕಾರ, ಹಚ್ಚಲೂ ಆರಿಸಲೂ. ಕೇಳಲು ಎಲ್ಲಕ್ಕಿಂತ ಉದಾರವಾದದ್ದು ಇದೇ. ಮೆಟ್ಟಿಲಲ್ಲಿ ಅದು ಕೆಡದೆ ನಡೆಯುವುದು ಯಾಕೆ? ಕೆಳಗಿನವನಿಗೂ ಮೇಲಿನವನಿಗೂ ಒಂದೇ ಬಲ್ಬು ಕಣ್ಣೆದುರಿಗೆ ಇರುತ್ತದೆ. ಅಲ್ಲಿ ಯಾರೂ ಸ್ವಿಚ್ಚಿನ ಜಾಗ ನೋಡುವುದಿಲ್ಲ, ಬೆಳಕು ನೋಡಿ ಒತ್ತುತ್ತಾರೆ. ಹೊಟ್ಟಿನ ಗುಡ್ಡದ ಈಚೆ ಕೂತವನ ಕೈಗೆ ಆ ಅಧಿಕಾರ ಕೊಟ್ಟಾಗ ಅದರ ಜೊತೆ ಇರಬೇಕಾದ ನೋಟವನ್ನು ಕೊಡಲಿಲ್ಲ. ಇಬ್ಬರಿಗೆ ಸಮನಾದ ಪೂರ್ತಿ ಅಧಿಕಾರ ಕೊಡಬೇಕಾದರೆ ಇಬ್ಬರಿಗೂ ಕಾಣುವ ಒಂದು ದೀಪ ಇರಬೇಕು. ಇದು ತಂತಿಗಷ್ಟೇ ಅಲ್ಲ, ಮನೆಗೂ ಅನ್ವಯಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ಅಜ್ಜಿಯ ಇನ್ಸುಲಿನ್ ಕೊಟ್ಟವರು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿದರೆ ಆ ಗೀಟೇ ಇಬ್ಬರಿಗೂ ಕಾಣುವ ದೀಪ. ಅದಿಲ್ಲದ ಕಡೆ ಸಮಾನ ಅಧಿಕಾರ ಎಂಬುದು ಇಬ್ಬರು ಕುರುಡರಿಗೆ ಒಂದೇ ಬಂಡಿಯ ಹಗ್ಗ ಕೊಟ್ಟ ಹಾಗೆ.

ಸ್ವಿಚ್ಚನ್ನೇ ತೆಗೆದುಬಿಡುವುದು ಇನ್ನೊಂದು ದಾರಿ. 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಹೊಸ ಬೈಕುಗಳ ಹೆಡ್‌ಲೈಟಿಗೆ ಆರಿಸುವ ಸ್ವಿಚ್ ಇಲ್ಲ, ಇಂಜಿನ್ ಚಾಲೂ ಆದರೆ ದೀಪವೂ ಚಾಲೂ. ಆರಂಭದಲ್ಲಿ ಹಗಲು ಎದುರಿಗೆ ಬಂದವರೆಲ್ಲ ಕೈ ತೋರಿಸಿ 'ಲೈಟ್ ಆರಿಸು' ಎನ್ನುತ್ತಿದ್ದರು. ಮರೆವಿನಿಂದ ಜೀವ ಹೋಗುವ ಕಡೆ ಆಯ್ಕೆಯನ್ನು ಕಿತ್ತುಕೊಂಡರೆ ತಪ್ಪೇನಿಲ್ಲ ಎಂದು ನಾನು ಒಪ್ಪುತ್ತೇನೆ. ಆದರೂ ಎಲ್ಲ ಸ್ವಿಚ್ಚನ್ನೂ ತೆಗೆಯಲಾಗುವುದಿಲ್ಲ. ಉಳಿದ ಕಡೆ ನಾವು ಕೇಳಬೇಕಾದದ್ದು ಇಷ್ಟು: ಇದು ತಪ್ಪಿದರೆ ಯಾವ ಕಡೆಗೆ ತಪ್ಪಬೇಕು? ರೈಲಿನ ಏರ್ ಬ್ರೇಕ್ ಕೊಳವೆ ಒಡೆದರೆ ಬ್ರೇಕ್ ಬಿಡುವುದಿಲ್ಲ, ಬಿಗಿಯುತ್ತದೆ. ಅಲ್ಲಿ ತಪ್ಪು ನಿಲ್ಲುವ ಕಡೆಗೆ ವಾಲುವಂತೆ ಮಾಡಿದ್ದಾರೆ. ಸತ್ತ ಬ್ಯಾಟರಿ, ಮುರಿದ ಕಾಲು ಎರಡನ್ನೂ ತಕ್ಕಡಿಯಲ್ಲಿಟ್ಟರೆ ಯಾವುದನ್ನು ಆರಿಸಿಕೊಳ್ಳಬೇಕೆಂದು ಹೇಳಲು ತತ್ವಶಾಸ್ತ್ರ ಬೇಕಿಲ್ಲ. ಆದರೆ 'ಮೆಟ್ಟಿಲಿನ ಹಂಗ' ಎಂದು ಹೇಳಿದ ದಿನ ನಾನು ತಕ್ಕಡಿಯನ್ನೇ ಹಿಡಿದಿರಲಿಲ್ಲ. ನನಗೆ ಬೇಕಾಗಿದ್ದುದು ಅನುಕೂಲ.

ಈಗ ಕಷ್ಟದ ಭಾಗ. ತಪ್ಪು ಯಾರದು?

ಇಂಗ್ಲೆಂಡಿನ ಕಾನೂನಿನಲ್ಲಿ 1842ರ ಡೇವಿಸ್ ಮತ್ತು ಮ್ಯಾನ್ ಎಂಬವರ ಒಂದು ಪ್ರಕರಣವಿದೆ. ಒಬ್ಬ ತನ್ನ ಕತ್ತೆಯ ಮುಂಗಾಲು ಕಟ್ಟಿ ಅದನ್ನು ರಸ್ತೆಯಲ್ಲಿ ಮೇಯಲು ಬಿಟ್ಟಿದ್ದ. ಇನ್ನೊಬ್ಬನ ಬಂಡಿ ಜೋರಾಗಿ ಬಂದು ಕತ್ತೆಯನ್ನು ಕೊಂದಿತು. ಕಾಲು ಕಟ್ಟಿದ ಕತ್ತೆಯನ್ನು ರಸ್ತೆಯಲ್ಲಿ ಬಿಟ್ಟದ್ದು ತಪ್ಪಾದರೂ, ನೋಡಿಕೊಂಡು ಹೊಡೆದಿದ್ದರೆ ಬಂಡಿಯವನು ಅದನ್ನು ತಪ್ಪಿಸಬಹುದಾಗಿತ್ತು, ಆದ್ದರಿಂದ ಹೊಣೆ ಅವನದು ಎಂದು ತೀರ್ಪಾಯಿತು. ಅನಾಹುತ ತಪ್ಪಿಸುವ ಕೊನೆಯ ಅವಕಾಶ ಯಾರ ಕೈಯಲ್ಲಿತ್ತೋ ಅವರೇ ಹೊಣೆ ಎಂಬ ತತ್ವ ಇದರಿಂದ ಬೆಳೆಯಿತು. ಇದರಂತೆ ಕೊನೆಯ ಕೈ ನನ್ನದು. ಕಾಕಾ ದೀಪ ಹತ್ತಿದ್ದನ್ನು ನೋಡಿಯೇ ಹೋದರು. ನಾನು ನೋಡದೆ ಹೊರಟೆ. ಕೆಳಗಿಳಿದು ಹತ್ತು ಹೆಜ್ಜೆ ಹಿಂದೆ ನಡೆದಿದ್ದರೆ ಸಾಕಿತ್ತು. ಆದರೆ ಕಾಕಾ ಹೋಗುವಾಗ 'ಹಚ್ಚೀನಿ' ಎಂದು ಒಂದು ಮಾತು ಕೂಗಿದ್ದರೂ ಸಾಕಿತ್ತು. ಇಬ್ಬರು ಆಳುವ ದೀಪದಲ್ಲಿ ಒಬ್ಬರು ಹೇಳದೆ ಮಾಡಿದ ಒಳ್ಳೆಯದು ಅರ್ಧವೇ ಮಾಡಿದ ಹಾಗೆ.

ರಟ್ಟಿನ ಚಿತ್ರ ಹಿಡಿದು ಮನೆಗೆ ಬಂದ ರಾತ್ರಿ ನಮ್ಮಿಬ್ಬರಿಗೂ ಹಗುರಾಯಿತು. ಕಾಕಾ ನಕ್ಕರು. ಇಬ್ಬರದೂ ತಪ್ಪಿಲ್ಲ, ಸ್ವಿಚ್ಚಿನದು ಎಂದರು. ಮರುದಿನ ಇದೇ ಸಂಭ್ರಮದಲ್ಲಿ ಗಾಯಗೊಂಡವನ ಮನೆಗೆ ಹೋದೆವು. ಅವನು ಹೊರಸಿನ ಮೇಲೆ ಮಲಗಿದ್ದ, ಕಾಲಿಗೆ ಇನ್ನೂ ಕಟ್ಟು ಇತ್ತು. ಕಾಕಾ ಎಲ್ಲವನ್ನೂ ವಿವರಿಸಿದರು, ನಾನು ರಟ್ಟು ತೋರಿಸಿದೆ. ಅವನು ಸುಮ್ಮನೆ ಕೇಳಿಸಿಕೊಂಡ. ಬಾಗಿಲ ಹತ್ತಿರ ಕೂತು ಜೋಳ ಹಸನು ಮಾಡುತ್ತಿದ್ದ ಅವನ ತಾಯಿ ತಲೆ ಎತ್ತದೆ ಕೇಳಿದರು: 'ಇಬ್ರೂ ಸ್ವಿಚ್ ಹಾಕೀರಿ, ಖರೆ. ಗಾಡಿ ಹೊಂಡೂಮುಂದ ಹಿಂದ ದೀಪ ಹತ್ತೇತೋ ಇಲ್ಲೋ ನೋಡಿದವರು ಯಾರು?'

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾವು ಉತ್ತರ ಕೊಡಲಿಲ್ಲ.

ದಾರಿಯಲ್ಲಿ ಬರುತ್ತ ನನಗೆ ಹೊಳೆದದ್ದು, ಎರಡು ತಿಂಗಳು ನಾವು ಕಾದಾಡಿದ್ದು ನಮ್ಮಿಬ್ಬರ ನಡುವೆ, ಹಗುರಾದದ್ದೂ ನಮ್ಮಿಬ್ಬರ ನಡುವೆ. ಆ ಮನೆ ಅದರೊಳಗೆ ಎಲ್ಲೂ ಇರಲಿಲ್ಲ. ನಾವು ಹೊಣೆಯನ್ನು ಹೊಲದಂತೆ ಪಾಲು ಮಾಡಲು ಹೊರಟಿದ್ದೆವು. ನಿನ್ನದೆಷ್ಟು, ನನ್ನದೆಷ್ಟು ಎಂದು ಅಳೆದೆವು. ಕೊನೆಗೆ ಇಬ್ಬರ ಪಾಲಿಗೂ ಸೊನ್ನೆ ಬಂದಾಗ ಸಂತೋಷಪಟ್ಟೆವು. ಎರಡು ಸೊನ್ನೆ ಕೂಡಿದರೆ ಮುರಿದ ಕಾಲು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲಿಲ್ಲ.

ಪಾಲಿನ ಮಾತಿಗೆ ನಮ್ಮ ನೆಲದಲ್ಲೇ ಒಂದು ಹಳೆಯ ಚಿಂತನೆ ಇದೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರವನ್ನು ಅನುಸರಿಸಿ ಬೆಳೆದ ನ್ಯಾಯದಲ್ಲಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ವಿಭಾಗವಾಗುವತನಕ ಯಾರೂ 'ಇದಿಷ್ಟು ನನ್ನದು' ಎಂದು ಗೆರೆ ಎಳೆಯುವಂತಿಲ್ಲ. ಇಡೀ ಆಸ್ತಿ ಎಲ್ಲರದು. ನಾವು ಆ ನಿಯಮವನ್ನು ಹಕ್ಕಿಗೆ ಬಳಸಿದೆವು, ಹೊಣೆಗೆ ಬಳಸಲಿಲ್ಲ. ಟ್ರ್ಯಾಕ್ಟರ್ ಪೂರ್ತಿ ನನ್ನದೂ ಹೌದು ಎನ್ನುವವನು ಅದರ ಹಿಂದಿನ ಕತ್ತಲೆಯೂ ಪೂರ್ತಿ ನನ್ನದು ಎನ್ನಬೇಕಲ್ಲವೇ?

ಇವತ್ತಿನ ಕಾನೂನು ಇದಕ್ಕೆ ಹತ್ತಿರವಾದದ್ದನ್ನೇ ಹೇಳುತ್ತದೆ. ಇಬ್ಬರ ನಿರ್ಲಕ್ಷ್ಯ ಸೇರಿ ಮೂರನೆಯವನಿಗೆ ಗಾಯವಾದರೆ ಅದನ್ನು ಸಂಯುಕ್ತ ನಿರ್ಲಕ್ಷ್ಯ ಎನ್ನುತ್ತಾರೆ. 2015ರಲ್ಲಿ ಖೆನ್ಯೇಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಕಡೆ ಗಾಯಗೊಂಡವನು ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಪಡೆಯಬಹುದು, ಯಾರದೆಷ್ಟು ಪಾಲೆಂಬುದು ಅವರಿಬ್ಬರ ನಡುವಿನ ಲೆಕ್ಕ ಎಂದು ಸ್ಪಷ್ಟಪಡಿಸಿತು. ಇದರಲ್ಲಿ ಕಾನೂನಿಗಿಂತ ದೊಡ್ಡದೊಂದು ತಿಳಿವಳಿಕೆ ಇದೆ. ಹೊಣೆಗೆ ಎರಡು ಖಾತೆ. ಹೊರಗಿನದು ಅವಿಭಕ್ತ. ಗಾಯಗೊಂಡವನ ಎದುರು ಪ್ರತಿಯೊಬ್ಬನೂ ಪೂರ್ತಿ ಹೊಣೆ, ಅರ್ಧರ್ಧವಲ್ಲ. ಒಳಗಿನದನ್ನು ಪಾಲು ಮಾಡಬಹುದು. ಅಲ್ಲಿ ನನ್ನ ಪಾಲು ಕಾಕಾನದಕ್ಕಿಂತ ಹೆಚ್ಚು, ಅದನ್ನು ಒಪ್ಪುತ್ತೇನೆ. ಅವರು ನೋಡಿದ್ದರು, ನಾನು ನೋಡಲಿಲ್ಲ. ನಮ್ಮ ತಪ್ಪೆಂದರೆ ಒಳಗಿನ ಲೆಕ್ಕ ಮೊದಲು ಮುಗಿಸಿ, ಆಮೇಲೆ ಹೊರಗಿನದಕ್ಕೆ ಹೋದದ್ದು.

ಬರ್ನಾರ್ಡ್ ವಿಲಿಯಮ್ಸ್ ಎಂಬ ತತ್ವಜ್ಞಾನಿ 1976ರಲ್ಲಿ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಟ್ಟ. ತನ್ನದೇನೂ ತಪ್ಪಿಲ್ಲದೆ ಮಗುವೊಂದು ಅವನ ಲಾರಿಗೆ ಸಿಕ್ಕುತ್ತದೆ. ನೋಡುತ್ತಿದ್ದವರಿಗೂ ದುಃಖವಾಗುತ್ತದೆ, ಆದರೆ ಚಾಲಕನ ದುಃಖ ಬೇರೆ ಜಾತಿಯದು. 'ನಿನ್ನ ತಪ್ಪಲ್ಲ' ಎಂದು ನಾವು ಸಮಾಧಾನ ಹೇಳುತ್ತೇವೆ. ಹೇಳಲೂ ಬೇಕು. ಆದರೆ ಅವನು ಆ ಸಮಾಧಾನವನ್ನು ತೀರ ಸುಲಭವಾಗಿ ಒಪ್ಪಿಬಿಟ್ಟರೆ ನಮಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಈ ಪ್ರಬಂಧವನ್ನು ನಾನು ಎಂ.ಎ.ಯಲ್ಲಿಯೇ ಓದಿದ್ದೆ, ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದೆ. ರಟ್ಟು ಹಿಡಿದು ಹೋದ ದಿನ ಸಮಾಧಾನವನ್ನು ಸುಲಭವಾಗಿ ಒಪ್ಪಿಕೊಂಡ ಚಾಲಕ ನಾನೇ ಆಗಿದ್ದೆ. ಅದೂ ನನ್ನದೇನೂ ತಪ್ಪಿಲ್ಲದ ಚಾಲಕನಲ್ಲ.

ಆ ಮಳೆಗಾಲಕ್ಕೆ ಮುಂಚೆ ವೈರಿಂಗ್ ಬದಲಿಸಿದೆವು. ಹೊಸದೇನೂ ಕೊಳ್ಳಬೇಕಾಗಲಿಲ್ಲ. ಅವೇ ಸ್ವಿಚ್ಚು, ಮುಂದಿನಿಂದ ಹಿಂದಕ್ಕೆ ಹೋಗುವ ಅವೇ ಎರಡು ತಂತಿ. ಒಂದರಲ್ಲಿ ಈಗ ಬ್ಯಾಟರಿಯ ಕರೆಂಟ್ ನೇರವಾಗಿ ಹಿಂದಿನ ಸ್ವಿಚ್ಚಿಗೆ ಹೋಗುತ್ತದೆ, ಇನ್ನೊಂದು ದೀಪದ ತಂತಿ. ಒಬ್ಬರು ಹಾಕಿದರೂ ಹತ್ತುತ್ತದೆ, ಇಬ್ಬರು ಹಾಕಿದರೂ ಹತ್ತುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಸೂಚಕ ದೀಪವನ್ನೂ ಕೂಡಿಸಿದ. ಕೂಡಿಸುತ್ತ ಎಲೆಕ್ಟ್ರಿಷಿಯನ್ ಒಂದು ಮಾತು ಹೇಳಿದ. ಈ ಸೂಚಕ ಹತ್ತಿದರೆ ತಂತಿಗೆ ಕರೆಂಟ್ ಬಂದಿದೆ ಎಂದಷ್ಟೇ ಅರ್ಥ, ಹಿಂದಿನ ಬಲ್ಬು ಸುಟ್ಟುಹೋಗಿದ್ದರೂ 'ಇದು ಹತ್ತೇ ಇರ್ತದ, ನಂಬಬ್ಯಾಡ್ರಿ' ಎಂದ. ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದೆವು. ಅದಕ್ಕೆ ಸ್ವಿಚ್ ಇಲ್ಲ. ಹಿಂದಿನ ಸ್ವಿಚ್ ಆರಿಸಲು ಮರೆತು ಎರಡು ಸಲ ಬೆಳಗ್ಗೆ ಇಂಜಿನ್ನನ್ನು ದೂಡಿ ಚಾಲೂ ಮಾಡಬೇಕಾಯಿತು. ಎರಡೂ ಸಲ ಕಾಕಾ ಗೊಣಗಿದರು, ಆದರೆ ಹಳೆಯ ವೈರಿಂಗೇ ಇರಲಿ ಎನ್ನಲಿಲ್ಲ.

ಗಾಯಗೊಂಡವನು ಈಗ ನಡೆಯುತ್ತಾನೆ. ದೂರ ನಡೆದರೆ ಕಾಲು ಎಳೆಯುತ್ತದೆ. ಸಂತೆಯಲ್ಲಿ ಸಿಕ್ಕಾಗ ಮಾತಾಡಿಸುತ್ತಾನೆ, ಮಳೆಯ ಬಗ್ಗೆ, ಕಡಲೆಯ ರೇಟಿನ ಬಗ್ಗೆ. ದೀಪದ ಮಾತು ಅವನೂ ತೆಗೆಯುವುದಿಲ್ಲ, ನಾನೂ ತೆಗೆಯುವುದಿಲ್ಲ.

ಈ ವರ್ಷದ ರಾಶಿಗೂ ಊರಿಗೆ ಹೋಗಿದ್ದೆ. ಹೊತ್ತು ಮುಳುಗಿತ್ತು, ಟ್ರೇಲರ್ ತುಂಬಿತ್ತು. ನಾನು ಸೀಟಿನ ಮೇಲೆ ಕೂತು ಸ್ವಿಚ್ ಹಾಕಿದೆ. ಗುಡ್ಡದ ಆಚೆಯಿಂದ ಕಾಕಾ 'ಹತ್ತೇತಿ' ಎಂದು ಕೂಗಿದರು. ನಾನು ಆದರೂ ಕೆಳಗಿಳಿದು ಹಿಂದೆ ಹೋದೆ. ಮೊದಲಾಗಿದ್ದರೆ, ನನ್ನ ಮಾತಿನ ಮೇಲೆ ನಂಬಿಕೆ ಇಲ್ಲೇನು ಎಂದು ಅವರಿಗೆ ಸಿಟ್ಟು ಬರುತ್ತಿತ್ತು. ಈಗ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಇಬ್ಬರೂ ಒಂದು ಗಳಿಗೆ ಆ ಎರಡು ಕೆಂಪು ದೀಪಗಳನ್ನು ನೋಡುತ್ತ ನಿಂತೆವು. ಆಮೇಲೆ ನಾನು ಹೋಗಿ ಗಾಡಿ ಹತ್ತಿದೆ.